ನೆಲದಲ್ಲಿ ದುಡಿದವರು, ಕಡಲಲ್ಲಿ ಮಡಿದವರು

ಯುದ್ಧದ ಚರಿತ್ರೆಯನ್ನು ಓದುವಾಗ ನಮ್ಮ ಕಣ್ಣಿಗೆ ಮೊದಲು ಬೀಳುವವರು ಸೇನಾಪತಿಗಳು ಮತ್ತು ವಿಮಾನ ಚಾಲಕರು. ಆದರೆ ಒಂದು ಯುದ್ಧವಿಮಾನ ಆಕಾಶಕ್ಕೇರಬೇಕಾದರೆ ನೆಲದ ಮೇಲೆ ಅನೇಕ ಕೈಗಳು ದುಡಿದಿರಬೇಕು. ಎಂಜಿನ್ ನೋಡಿಕೊಳ್ಳುವ ಫಿಟ್ಟರ್, ರೆಕ್ಕೆ ಮತ್ತು ಒಡಲನ್ನು ಸರಿಪಡಿಸುವ ರಿಗ್ಗರ್, ಮದ್ದುಗುಂಡು ತುಂಬುವವರು, ಇಂಧನ ಹಾಕುವವರು, ಲಾರಿ ಓಡಿಸುವವರು, ಅಡುಗೆಯವರು. ಇವರ ಕೊರಳಿಗೆ ವಿಜಯಮಾಲೆ ಬೀಳುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಇಂತಹ ಅನೇಕ ಯುವಕರು ಒಂದೇ ಮಧ್ಯಾಹ್ನದಲ್ಲಿ ಪ್ರಾಣ ತೆತ್ತರು. ಅವರ ಸಾವಿನ ಸುದ್ದಿಯನ್ನೂ ಐದು ವಾರಗಳಿಗೂ ಹೆಚ್ಚು ಕಾಲ ಮುಚ್ಚಿಡಲಾಯಿತು.

1940ರ ಮೇ 10ರಂದು ಜರ್ಮನಿಯು ಪಶ್ಚಿಮ ಯುರೋಪಿನ ಮೇಲೆ ದಾಳಿ ಆರಂಭಿಸಿತು. ಡನ್‌ಕರ್ಕ್ ತೆರವು ಜೂನ್ 4ಕ್ಕೆ ಮುಗಿಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಬಳಿಕವೂ ಲಕ್ಷಕ್ಕೂ ಮಿಕ್ಕಿದ ಬ್ರಿಟಿಷ್ ಸೈನಿಕರು ಫ್ರಾನ್ಸಿನಲ್ಲೇ ಉಳಿದಿದ್ದರು. ಜೂನ್ ಮಧ್ಯದಲ್ಲಿ ಅಲ್ಲಿದ್ದ ಬಾಂಬರ್ ವಿಮಾನಗಳು ಇಂಗ್ಲೆಂಡಿಗೆ ಹಾರಿಹೋದವು. ಅವುಗಳನ್ನು ಹಾರಲು ಸಜ್ಜುಗೊಳಿಸಿದ ನೆಲದ ಸಿಬ್ಬಂದಿಗೆ ಮಾತ್ರ ವಿಮಾನದಲ್ಲಿ ಜಾಗವಿರಲಿಲ್ಲ. ಅವರು ನಿರಾಶ್ರಿತರಿಂದ ಕಿಕ್ಕಿರಿದ ರಸ್ತೆಗಳಲ್ಲಿ ಸಾಗಿ ಸೇಂಟ್ ನಜೈರ್ ಬಂದರನ್ನು ತಲುಪಬೇಕಾಯಿತು.

ಅಲ್ಲಿ ಲಂಗರು ಹಾಕಿದ್ದ 16,243 ಟನ್ನಿನ ‘ಲಂಕಾಸ್ಟ್ರಿಯಾ’ ಹಡಗಿಗೆ ಸಾಧ್ಯವಾದಷ್ಟು ಮಂದಿಯನ್ನು ಹತ್ತಿಸಿಕೊಳ್ಳಬೇಕೆಂಬ ಆದೇಶವಿತ್ತು. ಸೈನಿಕರು, ನಾಗರಿಕರು, ಮಹಿಳೆಯರು ಮತ್ತು ಮಕ್ಕಳು ಸೇರಿ ಆರು ಸಾವಿರಕ್ಕೂ ಹೆಚ್ಚು ಜನ ಹತ್ತಿದರೆಂದು ಅಂದಾಜು. ವಾಯುಪಡೆಯ ನೂರಾರು ಸಿಬ್ಬಂದಿಗೆ ಸಿಕ್ಕಿದ್ದು ಹಡಗಿನ ಕೆಳಗಿನ ಸರಕು ಅಂಕಣ. ಜೂನ್ 17ರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಜರ್ಮನ್ ವಿಮಾನಗಳು ಬಾಂಬುಗಳನ್ನು ಸುರಿದವು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಹಡಗು ಮಗುಚಿ ಮುಳುಗಿತು. ಕೆಳಗಿನ ಅಂಕಣದಲ್ಲಿದ್ದವರಿಗೆ ಮೇಲೇರುವ ಅವಕಾಶವೇ ಬಹುಮಟ್ಟಿಗೆ ಇರಲಿಲ್ಲ. ನೀರಿಗೆ ಹಾರಿದವರನ್ನು ಸೋರಿದ ಇಂಧನ ತೈಲವು ಉಸಿರುಗಟ್ಟಿಸಿತು. ಬದುಕುಳಿದವರು 2,477 ಮಂದಿ. ಸತ್ತವರು ಎಷ್ಟೆಂಬ ನಿಖರ ಲೆಕ್ಕ ಇಂದಿಗೂ ಇಲ್ಲ; ಎಲ್ಲರ ಹೆಸರನ್ನು ಬರೆದುಕೊಳ್ಳಲು ಆಗ ಸಮಯವಿರಲಿಲ್ಲ. ವಾಯುಪಡೆಯ 98ನೇ ಸ್ಕ್ವಾಡ್ರನ್ ಒಂದೇ ಎಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು.

ಜನರು ಧೈರ್ಯಗುಂದಬಾರದೆಂದು ಪ್ರಧಾನಿ ಚರ್ಚಿಲ್ ಈ ಸುದ್ದಿಯ ಪ್ರಕಟಣೆಯನ್ನು ತಡೆಹಿಡಿದರು. ಜುಲೈ ಕೊನೆಯಲ್ಲಿ ಅಮೆರಿಕದ ಪತ್ರಿಕೆಗಳ ಮೂಲಕ ಅದು ಹೊರಬಿತ್ತು. ಕೆಲವು ದಿನಗಳ ಬಳಿಕ ತಡೆಯನ್ನು ತೆಗೆಯಬೇಕೆಂದಿದ್ದೆ, ಆದರೆ ಮರೆತುಬಿಟ್ಟೆ ಎಂದು ಅವರೇ ಮುಂದೆ ಬರೆದರು. ಮರೆತುಬಿಟ್ಟೆ! ಯುದ್ಧದ ಒತ್ತಡವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಗನ ದಾರಿ ಕಾಯುತ್ತಿದ್ದ ತಾಯಿಯ ಪಾಲಿಗೆ ಆ ಒಂದು ಮಾತು ಎಷ್ಟು ಭಾರವಾದುದೆಂದು ನಾವು ಯೋಚಿಸಬೇಕು.

ಇಲ್ಲಿ ನಮಗೆ ಮಸೀದಿಯ ಕಸ ಗುಡಿಸುತ್ತಿದ್ದ ಓರ್ವ ಮಹಿಳೆಯ ನೆನಪಾಗುತ್ತದೆ. ಆಕೆ ಮರಣ ಹೊಂದಿದಾಗ, ಅದೇನೂ ದೊಡ್ಡ ವಿಷಯವಲ್ಲವೆಂಬಂತೆ ಸಹಾಬಿಗಳು ಪ್ರವಾದಿ ಮುಹಮ್ಮದ್(ಸ)ರಿಗೆ ತಿಳಿಸದೆಯೇ ದಫನ ಮಾಡಿದ್ದರು. ಆಕೆ ಕಾಣದಿದ್ದಾಗ ಪ್ರವಾದಿಯವರು(ಸ) ವಿಚಾರಿಸಿದರು, ತಮಗೇಕೆ ತಿಳಿಸಲಿಲ್ಲವೆಂದು ಕೇಳಿದರು, ಕಬರ್ ಎಲ್ಲಿದೆಯೆಂದು ತಿಳಿದು ಅಲ್ಲಿಗೆ ಹೋಗಿ ಆಕೆಗಾಗಿ ಪ್ರಾರ್ಥಿಸಿದರು. ಯಾರ ಸಾವು ಸಣ್ಣದು ಎಂಬ ಲೆಕ್ಕಾಚಾರವನ್ನು ಅವರು ಒಪ್ಪಲಿಲ್ಲ.

ಅದೇ ಯುದ್ಧಕಾಲದಲ್ಲಿ ಫ್ರಾನ್ಸಿನಲ್ಲಿ ನಮ್ಮ ಉಪಖಂಡದವರೂ ಇದ್ದರು. 1939ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಹೊರಟ ಹೇಸರಗತ್ತೆಗಳ ಸಾಗಣೆ ತುಕಡಿಗಳಲ್ಲಿ ಹೆಚ್ಚಿನವರು ಪಂಜಾಬಿನ ಮುಸ್ಲಿಮರು. ಹೊರೆ ಹೊತ್ತ ಅವರ ಹೆಸರನ್ನೂ ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಕಡಲು ದಡಕ್ಕೆ ತಂದೊಪ್ಪಿಸಿದ ಶವಗಳು ಫ್ರಾನ್ಸಿನ ಕರಾವಳಿಯ ಸ್ಮಶಾನಗಳಲ್ಲಿ ಮಣ್ಣಾಗಿವೆ. ಸಮಾಧಿಯೇ ಇಲ್ಲದ ವಾಯುಪಡೆಯವರ ಹೆಸರುಗಳನ್ನು ಇಂಗ್ಲೆಂಡಿನ ರನ್ನಿಮೀಡ್‌ನಲ್ಲಿ 1953ರಲ್ಲಿ ತೆರೆದ ಸ್ಮಾರಕದ ಗೋಡೆಗಳಲ್ಲಿ ಕೆತ್ತಲಾಗಿದೆ. ಅಲ್ಲಿ ವಿಮಾನ ಹಾರಿಸಿದವರ ಮತ್ತು ಅದರ ತಿರುಪು ಬಿಗಿದವರ ಹೆಸರುಗಳು ಜೊತೆಜೊತೆಗೇ ಇವೆ. ನಮ್ಮ ಮಕ್ಕಳಿಗೆ ಚರಿತ್ರೆಯನ್ನು ಹೇಳುವಾಗ ನಾವೂ ಹಾಗೆಯೇ ಹೇಳೋಣ. ಮೇಲೇರಿದವರ ಜೊತೆಗೆ, ಕೆಳಗೆ ನಿಂತು ಅವರನ್ನು ಏರಿಸಿದವರನ್ನೂ ಹೆಸರಿಸೋಣ.