ತಕ್ಕಡಿಯಲ್ಲಿ ತೂಗಿದ ಹಾಸಿಗೆ

ಬೆಂಗಳೂರಿನ ಹಳೆಯ ಪೇಟೆಯ ಪಡುವಣ ಭಾಗದಲ್ಲಿ ಅರಳೆಪೇಟೆ, ಕಾಟನ್‌ಪೇಟೆ ಎಂದು ಹತ್ತಿಯ ಹೆಸರನ್ನೇ ಹೊತ್ತ ಎರಡು ಪೇಟೆಗಳಿವೆ. ಕರಗದ ರಾತ್ರಿ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಭೇಟಿಯಿತ್ತು ಕರಗವು ಮುಂದುವರಿಯುವುದು ಈ ಕಾಟನ್‌ಪೇಟೆಯಲ್ಲಿಯೇ. ಊರಿನ ಸುತ್ತಣ ಕೆಮ್ಮಣ್ಣು ಹತ್ತಿಗೆ ಒಗ್ಗಿದ ನೆಲವಲ್ಲವಾದುದರಿಂದ, ಎರೆಭೂಮಿಯ ಸೀಮೆಗಳಿಂದ ಬಂದ ಅರಳೆಯೇ ಇಲ್ಲಿಯ ಮಗ್ಗಗಳಿಗೆ ಆಧಾರವಾಗಿದ್ದಿತು. 1800ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ನೇಕಾರರನ್ನೂ ಬಟ್ಟೆಯ ವ್ಯಾಪಾರವನ್ನೂ ಕುರಿತು ಪುಟಗಟ್ಟಲೆ ಬರೆದಿದ್ದಾನೆ. ನೇಯ್ಗೆಯ ಚರಿತ್ರೆಗೆ ಹೀಗೆ ಲೇಖಕರು ದೊರೆತಿರುವಾಗ, ಅದೇ ಅರಳೆಯ ಇನ್ನೊಂದು ಪಾಲು ಜನರ ಬೆನ್ನಿನ ಕೆಳಗೆ ಸೇರಿದ ಕಥೆಯನ್ನು, ಎಂದರೆ ಹಾಸಿಗೆಯ ಕಥೆಯನ್ನು, ವಿಸ್ತರಿಸಿ ಹೇಳಿದವರು ವಿರಳ. ಪೇಟೆಯಿಂದ ಹೊರಟು ಮಾಗಡಿ ರಸ್ತೆಯನ್ನು ಹಿಡಿದು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳನ್ನು ಬಳಸಿ, ಮೈಸೂರು ರಸ್ತೆಯ ಕೆಂಗೇರಿಯವರೆಗೆ ಹಬ್ಬಿಕೊಂಡ ಬಡಾವಣೆಗಳಲ್ಲಿ, ಮಿತವಾದ ವರಮಾನದ ಸಂಸಾರಗಳು ಸುಖವಾಗಿಯೂ ಬಾಳಿಕೆ ಬರುವಂತೆಯೂ ಮಲಗಲು ಮಾಡಿಕೊಂಡ ಏರ್ಪಾಡುಗಳನ್ನು ನೋಡಿದರೆ ಆ ಕಥೆಯ ಕೊನೆಯ ಎಪ್ಪತ್ತೈದು ವರ್ಷಗಳ ಭಾಗವಾದರೂ ಕೈಗೆ ಸಿಕ್ಕುತ್ತದೆ.

ಶಯನವೈಭವವು ನಮ್ಮವರಿಗೆ ಅಪರಿಚಿತವಾದುದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶವಾದ ಮಾನಸೋಲ್ಲಾಸದಲ್ಲಿ, ಸ್ನಾನ, ತಾಂಬೂಲ, ಅನ್ನಗಳ ಉಪಭೋಗಗಳೊಡನೆ ಶಯ್ಯೆಯ ಉಪಭೋಗಕ್ಕೂ ಸ್ಥಾನವನ್ನು ಕಲ್ಪಿಸಿದ್ದಾನೆ. ಅದು ಅರಮನೆಯ ಮಾತಾಯಿತು. ಮೈಸೂರು ಸೀಮೆಯ ಸಾಮಾನ್ಯ ಗೃಹಸ್ಥನು ಈಚಲ ಚಾಪೆಯ ಮೇಲೆ ಕಂಬಳಿಯನ್ನೋ ಜಮಖಾನವನ್ನೋ ಹಾಸಿ ಮಲಗಿದವನು. ಉತ್ತರದ ಜಿಲ್ಲೆಗಳಲ್ಲಾದರೆ ಹಳೆಯ ಸೀರೆಗಳನ್ನು ಪದರಪದರವಾಗಿ ಕೂಡಿಸಿ ಹೊಲಿದ ಕೌದಿಯುಂಟು. ಹತ್ತಿ ತುಂಬಿದ ಹಾಸಿಗೆ ಮನೆಯಲ್ಲಿ ಒಂದೋ ಎರಡೋ ಇದ್ದರೆ ಅವು ಬಾಣಂತಿಗೆ, ಮುಪ್ಪಾದವರಿಗೆ, ಹಬ್ಬಕ್ಕೆ ಬಂದ ಅಳಿಯನಿಗೆ ಸಲ್ಲುತ್ತಿದ್ದುವು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಮಂಚ, ಹಾಸಿಗೆ, ದಿಂಬು, ಲೋಡುಗಳನ್ನು ಕೊಡುವ ವಾಡಿಕೆಯುಳ್ಳ ಮನೆಗಳಲ್ಲಿ, ಲಗ್ನಪತ್ರಿಕೆ ಅಚ್ಚಾಗುವುದಕ್ಕೂ ಮೊದಲೇ ಹತ್ತಿಯ ಲೆಕ್ಕಾಚಾರ ಆರಂಭವಾಗುತ್ತಿದ್ದಿತು.

ಆ ಹತ್ತಿಯನ್ನು ಹಾಸಿಗೆಯಾಗಿಸುತ್ತಿದ್ದವರು ಪಿಂಜಾರರು. ನದಾಫರೆಂದೂ, ತೆಲುಗು ಸೀಮೆಯಲ್ಲಿ ದೂದೇಕುಲದವರೆಂದೂ ಹೆಸರುಳ್ಳ ಈ ಮುಸಲ್ಮಾನ ಸಮುದಾಯವನ್ನು ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥಮಾಲೆಯಲ್ಲಿ ವರ್ಣಿಸಿದ್ದಾನೆ. ಕನ್ನಡವನ್ನೋ ತೆಲುಗನ್ನೋ ಮನೆಮಾತಾಗಿ ಉಳಿಸಿಕೊಂಡ, ನೆರೆಯ ಹಿಂದೂಗಳ ಎಷ್ಟೋ ಆಚಾರಗಳನ್ನು ತಮ್ಮದಾಗಿ ನಡೆಸಿಕೊಂಡು ಬಂದ ಕುಟುಂಬಗಳು ಅವರಲ್ಲಿ ಬಹಳ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರು ಇಂದಿಗೂ ಪ್ರವರ್ಗ ಒಂದರಲ್ಲಿದ್ದಾರೆ. ಅವರ ಉಪಕರಣವೆಂದರೆ ಆಳುದ್ದದ ಒಂದು ಮರದ ಬಿಲ್ಲು. ಅದರ ಒಂದು ತುದಿಗೆ ಅಗಲವಾದ ಹಲಗೆ, ಉದ್ದಕ್ಕೂ ಬಿಗಿದ, ಪ್ರಾಣಿಯ ಕರುಳನ್ನು ಹೊಸೆದು ಮಾಡಿದ ಹುರಿ. ಬೇಸಗೆಯ ಒಣ ಹವೆಯಲ್ಲಿ, ಮಳೆ ಹಿಡಿಯುವುದಕ್ಕೆ ಮುಂಚೆ, ಬಿಲ್ಲನ್ನು ಹೆಗಲಿಗೇರಿಸಿ ಹುರಿಯನ್ನು ಮೀಟುತ್ತ ಪಿಂಜಾರನು ಬೀದಿಗೆ ಬಂದನೆಂದರೆ ಕೂಗಿ ಕರೆಯಬೇಕಾದ ಪ್ರಮೇಯವಿರಲಿಲ್ಲ. ಆ ಟಂಯ್ ಟಂಯ್ ನಾದವೇ ಆಹ್ವಾನ. ಜಗಲಿಯ ಮೇಲೋ ಮಾಳಿಗೆಯ ಮೇಲೋ ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚಿ, ವರ್ಷಗಟ್ಟಲೆ ಮೈಭಾರಕ್ಕೆ ಗಂಟುಗಂಟಾಗಿ ಒತ್ತಿಕೊಂಡ ಹತ್ತಿಯನ್ನು ಹರವಿ, ಎಡಗೈಯಲ್ಲಿ ಬಿಲ್ಲನ್ನು ಅದರ ಮೇಲೆ ತೂಗಿ ಹಿಡಿದು, ಬಲಗೈಯ ಮರದ ಕೊಡತಿಯಿಂದ ಹುರಿಯನ್ನು ಹೊಡೆದನೆಂದರೆ, ಹುರಿಯ ಕಂಪನಕ್ಕೆ ಸಿಕ್ಕಿದ ಎಳೆಗಳು ಬಿಡಿಬಿಡಿಯಾಗಿ ಹಾರಿ, ಧೂಳೂ ಕಸವೂ ಕೆಳಗುಳಿದು, ಮೊಣಕಾಲೆತ್ತರದ ಬಿಳಿಯ ರಾಶಿ ಏಳುತ್ತಿದ್ದಿತು. ಆಮೇಲೆ ಅದನ್ನು ಪಟ್ಟೆಪಟ್ಟೆಯ ದಪ್ಪ ಬಟ್ಟೆಯ ಚೀಲಕ್ಕೆ ತುಂಬಿ, ಬಡಿಗೆಯಿಂದ ಬಡಿದು ಸಮಮಾಡಿ, ದಬ್ಬಣದಲ್ಲಿ ದಾರವನ್ನು ಆಚೆಯಿಂದೀಚೆಗೆ ಎಳೆದು ಗೇಣು ಗೇಣಿಗೆ ಒಂದೊಂದು ಗಂಟನ್ನು ಹಾಕುವುದು. ಈ ಗಂಟುಗಳ ನಡುವಣ ಅಂತರ ಹೆಚ್ಚಾದರೆ ಹತ್ತಿ ಜರುಗುತ್ತದೆ. ಕಡಮೆಯಾದರೆ ಹಾಸಿಗೆ ಕಲ್ಲಾಗುತ್ತದೆ. ಸಂಜೆಯ ವೇಳೆಗೆ ಮನೆಯವರಿಗೆ ಹೊಸ ಹಾಸಿಗೆ, ಪಿಂಜಾರನಿಗೆ ಕೂಲಿ. ಜೊತೆಗೆ ಮೂಗು, ಹುಬ್ಬು, ಶ್ವಾಸಕೋಶಗಳ ತುಂಬ ಹತ್ತಿಯ ಧೂಳು. ಈ ಕಸುಬನ್ನು ನೆನೆದು ಹಂಬಲಿಸುವವರು ಸಾಮಾನ್ಯವಾಗಿ ಅದರ ಕೆಮ್ಮನ್ನು ಕೆಮ್ಮಿದವರಲ್ಲ.

ಈ ವ್ಯವಸ್ಥೆಯಲ್ಲಿ ನನ್ನ ಗಮನವನ್ನು ಸೆಳೆಯುವುದು ಅದರ ಅರ್ಥಶಾಸ್ತ್ರ. ಹಾಸಿಗೆ ಎಂಬುದನ್ನು ಯಾರೂ ಪೂರ್ತಿಯಾಗಿ ಕೊಳ್ಳುತ್ತಿರಲಿಲ್ಲ. ಹತ್ತಿಯನ್ನು ತೂಕದಲ್ಲಿ, ಬಟ್ಟೆಯನ್ನು ಗಜದಲ್ಲಿ, ಶ್ರಮವನ್ನು ದಿನದ ಲೆಕ್ಕದಲ್ಲಿ ಬೇರೆಬೇರೆಯಾಗಿ ಕೊಳ್ಳುತ್ತಿದ್ದರು. ಬಟ್ಟೆ ಹರಿದರೆ ಬಟ್ಟೆ, ಹತ್ತಿ ಒತ್ತಿಕೊಂಡರೆ ಹಿಂಜುವ ಕೂಲಿ, ಹೀಗೆ ಕೆಟ್ಟ ಅಂಶಕ್ಕೆ ಮಾತ್ರ ಹಣ ತೆತ್ತು, ತಾಯಿಯ ಮದುವೆಯ ಹತ್ತಿಯನ್ನು ಮಗಳ ಬಾಣಂತನಕ್ಕೂ ಒದಗಿಸುವುದು ಸಾಧ್ಯವಾಗಿದ್ದಿತು. ತಕ್ಕಡಿ ಮುಖ್ಯ ಪ್ರಮಾಣವಾದ ಕಡೆ ಮೋಸವೂ ತಕ್ಕಡಿಯ ಮೂಲಕವೇ ಬರುವುದು ಸಹಜ: ಉದ್ದ ಎಳೆಯ ಹತ್ತಿಯಲ್ಲಿ ಗಿರಣಿಯ ಕಸವನ್ನು ಬೆರಸುವುದು, ಬೀಜದ ಚೂರನ್ನು ಬಿಡುವುದು, ತೇವ ಹಿಡಿಸುವುದು. ಆದುದರಿಂದ ಅನುಭವಸ್ಥೆಯಾದ ಗೃಹಿಣಿ ತೂಕವನ್ನು ಮಾತ್ರ ನಂಬದೆ, ಹೊಲಿಗೆಯ ಅಂಚನ್ನು ತುಸು ಬಿಡಿಸಿ ಒಂದು ಚಿಟಿಕೆ ಹತ್ತಿಯನ್ನು ಹೊರತೆಗೆದು, ಎರಡು ಕೈಗಳ ನಡುವೆ ಎಳೆದು ಎಳೆಯ ಉದ್ದವನ್ನು ನೋಡುತ್ತಿದ್ದಳು. ಕೃತಕ ನಾರು ಬಂದ ಮೇಲೆ ಅದಕ್ಕೆ ಕಡ್ಡಿ ಗೀರಿ ನೋಡುವುದೂ ಸೇರಿತು. ಹತ್ತಿ ಉರಿದು ಬೂದಿಯಾಗುತ್ತದೆ, ಕೃತಕವಾದುದು ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಬೂರುಗದ ಅರಳೆಯ ವಿಷಯವೇ ಬೇರೆ. ಲಾಲ್‌ಬಾಗಿನ ಆ ಮಹಾವೃಕ್ಷವನ್ನು ಕಂಡವರಿಗೆ ಬಿಳಿ ಬೂರುಗದ ಪರಿಚಯವುಂಟು. ಅದರ ನಾರು ಮೇಣದಂತೆ ನುಣುಪಾಗಿ, ನೂಲಲು ಬಾರದೆ, ನೀರನ್ನು ಹೀರದೆ ತೇಲುವಂಥದು. ಹಡಗಿನವರ ಜೀವರಕ್ಷಕ ಕವಚಗಳಿಗೆ ತುಂಬುತ್ತಿದ್ದುದು ಅದನ್ನೇ. ಮೃದುತ್ವದಲ್ಲಿ ಅದಕ್ಕೆ ಎಣೆಯಿಲ್ಲ, ಆದರೆ ಬೇಗ ಪುಡಿಯಾಗುತ್ತದೆ. ದಿಂಬಿಗೆ ಲೇಸು, ಹಾಸಿಗೆಗೆ ದುಬಾರಿ.

ಇನ್ನು ಪಡುವಣ ಬಡಾವಣೆಗಳ ಮಾತು. 1884ರಲ್ಲಿ ಸ್ಥಾಪಿತವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ, ಎಂದರೆ ಜನರ ಬಾಯಲ್ಲಿ ಬಿನ್ನಿ ಮಿಲ್ಲು, ಕಾಟನ್‌ಪೇಟೆಯ ಆಚೆಗೆ. ಮಾಗಡಿ ರಸ್ತೆಯ ಕಡೆ ಮಿನರ್ವ ಮಿಲ್ಲು, 1974ರಲ್ಲಿ ರಾಷ್ಟ್ರೀಕರಣಗೊಂಡು, 1980ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಸಂವಿಧಾನವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯ ನಾಲಗೆಯ ಮೇಲೂ ನೆಲೆಸಿದುದು. ಈ ಗಿರಣಿಗಳಿಗೂ ಹೊಸ ಕಾರ್ಖಾನೆಗಳಿಗೂ ಅನತಿದೂರದಲ್ಲಿ 1949ರಲ್ಲಿ ರಾಜಾಜಿನಗರ ರೂಪುಗೊಂಡಿತು. ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ಉಪನಗರಗಳು ಅದನ್ನು ಅನುಸರಿಸಿದುವು. ಈ ಬಡಾವಣೆಗಳ ಮೊದಲ ನಿವಾಸಿಗಳಲ್ಲಿ ಅನೇಕರು ಕಾರ್ಮಿಕರು, ಗುಮಾಸ್ತರು, ಉಪಾಧ್ಯಾಯರು. ನಡುಮನೆಯಲ್ಲಿಯೇ ಹಗಲು ಊಟ, ಸಂಜೆ ಪಾಠ, ರಾತ್ರಿ ನಿದ್ರೆ ನಡೆಯಬೇಕಾದ ಅವರ ಸಣ್ಣ ಮನೆಗಳಿಗೆ ಹತ್ತಿಯ ಹಾಸಿಗೆ ಹೇಳಿ ಮಾಡಿಸಿದಂತಿದ್ದಿತು: ಬೆಳಗಾದೊಡನೆ ಸುರುಳಿ ಸುತ್ತಿ ಮೂಲೆಗಿಡಬಹುದು, ಭಾನುವಾರ ತಾರಸಿಗೆ ಹೊತ್ತು ಬಿಸಿಲಿಗೆ ಹಾಕಬಹುದು. ಬಿಸಿಲು ಐಚ್ಛಿಕವಾಗಿರಲಿಲ್ಲ, ತಿಗಣೆಯ ಭಯವಿದ್ದಿತು. ಟಿಕ್-20 ಸೀಸೆಯ ವಾಸನೆಯನ್ನು ಆ ತಲೆಮಾರಿನವರು ಮರೆತಿರಲಾರರು.

ಮಾರ್ಪಾಡು ಬಂದುದು ತೆಂಗಿನ ನಾರಿನ ರೂಪದಲ್ಲಿ. 1962ರಲ್ಲಿ ಮಣಿಪಾಲದ ಪೈ ಮನೆತನದವರು ಆರಂಭಿಸಿದ ಉದ್ಯಮದಿಂದ ಹೊರಬಂದ ಕರ್ಲಾನ್, ಕೆಲವೇ ದಶಕಗಳಲ್ಲಿ ಬೆಂಗಳೂರಿನ ಮಧ್ಯಮವರ್ಗದಲ್ಲಿ ಎಷ್ಟು ಮನೆಮಾತಾಯಿತೆಂದರೆ, ಬೇರೆ ಯಾರು ಮಾಡಿದ ನಾರಿನ ಹಾಸಿಗೆಯನ್ನೂ ಜನರು ಅದೇ ಹೆಸರಿನಿಂದ ಕೇಳತೊಡಗಿದರು. ಇದರ ರಚನೆ ಕುತೂಹಲಕರವಾದುದು. ಬಲಿತ ಕಾಯಿಯ ಮಟ್ಟೆಯಿಂದ ತೆಗೆದ ಕಂದು ನಾರನ್ನು ಮೊದಲು ಬಿಗಿಯಾಗಿ ಹಗ್ಗದಂತೆ ಹೊಸೆದು ಹಾಗೆಯೇ ಬಿಡುತ್ತಾರೆ. ಕೆಲಕಾಲದ ಮೇಲೆ ಹುರಿಯನ್ನು ಬಿಚ್ಚಿದರೆ ಎಳೆ ಎಳೆಯೂ ಸುರುಳಿಯಾಗಿ ನಿಲ್ಲುತ್ತದೆ. ಆ ಸುರುಳಿಗಳನ್ನು ಹರವಿ, ರಬ್ಬರಿನ ಹಾಲನ್ನು ಸಿಂಪಡಿಸಿ, ಹಾಳೆಹಾಳೆಯಾಗಿ ಒತ್ತಿ ಬಿಸಿಯಲ್ಲಿ ಹದಮಾಡಿದರೆ, ಒಂದೊಂದು ಎಳೆಯೂ ಒಂದು ಚಿಕ್ಕ ಸ್ಪ್ರಿಂಗಾಗಿ ವರ್ತಿಸುವ ಗಟ್ಟಿ ಹಲಗೆಯೊಂದು ಸಿದ್ಧವಾಗುತ್ತದೆ. ಹತ್ತಿಗಿಂತ ಹಗುರ, ಗಾಳಿಯಾಡುವಂಥದು, ವರ್ಷ ವರ್ಷ ಹಿಂಜಿಸುವ ತೊಡಕಿಲ್ಲದುದು. ಬಡಗಿಯು ಮನೆಗೇ ಬಂದು ಮಾಡಿಕೊಟ್ಟ ಆರು ನಾಲ್ಕರ ಮಂಚಕ್ಕೆ ಅಳತೆ ಕೊಟ್ಟು ಮಾಡಿಸಿಕೊಳ್ಳಲೂ ಬರುವಂಥದು. ಆದರೆ ಸುರುಳಿ ಸುತ್ತಲು ಬಾರದು. ನಾರಿನ ಹಾಸಿಗೆಯನ್ನು ಕೊಂಡ ಮನೆ ಮಂಚವನ್ನೂ, ಮಂಚವನ್ನಿಟ್ಟ ಮನೆ ಮಲಗುವ ಕೋಣೆಯನ್ನೂ ಬೇಡಿತು. ಬಸವೇಶ್ವರನಗರ, ವಿಜಯನಗರಗಳಲ್ಲಿ ಒಂದಂತಸ್ತಿನ ಮನೆಗಳ ಮೇಲೆ ಎರಡನೆಯದು ಏರಿದ ಕಾಲಕ್ಕೆ ಇದೂ ಒಂದು ಸಣ್ಣ ಕಾರಣವಾಗಿದ್ದೀತೆಂದು ನನ್ನ ಊಹೆ. ವಾಸ್ತುಶಿಲ್ಪಿಗಳು ಒಪ್ಪದಿದ್ದರೆ ಬೇಸರವಿಲ್ಲ.

ಅದಕ್ಕಿಂತ ಮಹತ್ವದ ವ್ಯತ್ಯಾಸವೊಂದುಂಟು. ನಾರಿನ ಹಾಸಿಗೆಯ ನಡುವೆ ಕುಳಿ ಬಿದ್ದರೆ ಅದನ್ನು ಬೀದಿಯಲ್ಲಿ ರಿಪೇರಿ ಮಾಡುವವರಿಲ್ಲ. ತಿಂಗಳಿಗೊಮ್ಮೆ ಮಗ್ಗುಲು ಬದಲಿಸಿ, ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ ಆಯುಸ್ಸನ್ನು ಬೆಳೆಸಬಹುದೇ ಹೊರತು ಪುನರ್ಜನ್ಮ ಕೊಡಲಾಗದು. ಬಾಳಿಕೆ ಎಂಬುದು ಪಿಂಜಾರನ ಮರುಭೇಟಿಯಲ್ಲಿ ಇದ್ದುದು ಹೋಗಿ, ವಸ್ತುವಿನಲ್ಲಿಯೇ ಇರಬೇಕಾಯಿತು. ವಸ್ತುವಿನೊಳಗನ್ನು ಕಾಣಲಾರದವನಿಗೆ ಗ್ಯಾರಂಟಿ ಕಾರ್ಡು ಎಂಬ ಕಾಗದ ದೊರೆಯಿತು. ನಿಗದಿತ ಆಳಕ್ಕಿಂತ ಹೆಚ್ಚು ಕುಳಿ ಬಿದ್ದರೆ ಮಾತ್ರ ಪರಿಹಾರ, ಮಂಚ ಸಮತಟ್ಟಾಗಿದ್ದರೆ ಮಾತ್ರ ಪರಿಹಾರ, ಕಲೆ ಬಿದ್ದಿದ್ದರೆ ಇಲ್ಲ ಎಂಬಂಥ ಷರತ್ತುಗಳನ್ನು ಅಂಗಡಿಯಲ್ಲಿ ನಿಂತು ಓದುವವರು ಕಡಮೆ.

ಪಾಲಿಯುರೆಥೇನ್ ಫೋಮಿನ ಕಥೆಯನ್ನು ಚಿಕ್ಕದಾಗಿಯೇ ಹೇಳಿಬಿಡಬಹುದು. 1937ರಲ್ಲಿ ಜರ್ಮನಿಯ ಓಟ್ಟೋ ಬಾಯರ್ ಮತ್ತವನ ಸಂಗಡಿಗರು ಕಂಡುಹಿಡಿದ ರಸಾಯನ ಅದು. ಹಾಸಿಗೆಯಾಗಿ ಲೋಕವನ್ನೆಲ್ಲ ವ್ಯಾಪಿಸಿದುದು ಎರಡನೆಯ ಮಹಾಯುದ್ಧದ ತರುವಾಯ. ಮಡಿಸಿ, ಹಿಂಡಿ, ಗಾಳಿ ತೆಗೆದು ಪೆಟ್ಟಿಗೆಯೊಳಗೆ ಅಡಗಿಸಿದರೂ ಬಿಚ್ಚಿದಾಗ ಮೊದಲಿನ ಗಾತ್ರಕ್ಕೆ ಬರುವ ಅದರ ಗುಣದಿಂದಾಗಿ ಅಂಗಡಿಯೇ ಅನವಶ್ಯಕವಾಯಿತು. 2016ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ವೇಕ್‌ಫಿಟ್‌ನಂಥ ಸಂಸ್ಥೆಗಳು ಹಾಸಿಗೆಯನ್ನು ಅಂಚೆಯ ಪೊಟ್ಟಣದಂತೆ ಮನೆಬಾಗಿಲಿಗೆ ಕಳುಹಿಸತೊಡಗಿದುವು. 2023ರಲ್ಲಿ ಫೋಮಿನ ದೊಡ್ಡ ತಯಾರಕರಾದ ಶೀಲಾ ಫೋಮ್‌ನವರು ಕರ್ಲಾನನ್ನು ಕೊಂಡುಕೊಂಡುದು, ಒಂದು ಯುಗ ಇನ್ನೊಂದನ್ನು ನುಂಗಿದ ವ್ಯಾವಹಾರಿಕ ದಾಖಲೆ.

ಆದರೆ ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮೃದು, ಗಡಸು, ಆರ್ಥೋಪೆಡಿಕ್, ಮೆಮೊರಿ ಎಂಬ ವಿಶೇಷಣಗಳ ಸಂತೆಯಲ್ಲಿ ನಿಂತು ಕಂಗೆಡುವ ಇಂದಿನ ಗೃಹಸ್ಥನಿಗೆ ಹಳೆಯ ತಕ್ಕಡಿ ಈಗಲೂ ಉಪಕಾರಕ್ಕೆ ಬರುತ್ತದೆ. ಫೋಮಿನ ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಗಡಸುತನವಲ್ಲ, ಸಾಂದ್ರತೆ. ಅಂಗಡಿಯವನು ‘32 ಡೆನ್ಸಿಟಿ ಸಾರ್, 40 ಡೆನ್ಸಿಟಿ ಸಾರ್’ ಎನ್ನುವಾಗ ಹೇಳುತ್ತಿರುವುದು ಒಂದು ಘನ ಮೀಟರಿಗೆ ಇಷ್ಟು ಕಿಲೋ ಎಂಬುದನ್ನು. ಆರಡಿ ಉದ್ದ, ನಾಲ್ಕಡಿ ಅಗಲ, ಐದಂಗುಲ ದಪ್ಪದ ಅಚ್ಚ ಫೋಮಿನ ಹಾಸಿಗೆ 32ರ ಸಾಂದ್ರತೆಯದಾದರೆ, ಹೊದಿಕೆಯ ಬಟ್ಟೆಯನ್ನು ಬಿಟ್ಟು, ಸುಮಾರು 9 ಕಿಲೋ ತೂಗಬೇಕು. 40ರದಾದರೆ 11 ಕಿಲೋ ದಾಟಬೇಕು. ಪೆಟ್ಟಿಗೆಯ ಮೇಲಣ ಹೊಗಳಿಕೆಯನ್ನೆಲ್ಲ ಬದಿಗಿಟ್ಟು ಇದೊಂದು ಗುಣಾಕಾರವನ್ನು ಮಾಡಿದವನಿಗೆ ಬೆಲೆಯ ನ್ಯಾಯಾನ್ಯಾಯ ಅರ್ಧದಷ್ಟಾದರೂ ತಿಳಿಯುತ್ತದೆ.

ಉಳಿದರ್ಧಕ್ಕೆ ಕಣ್ಣು ಬೇಕು. ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಫೋಮಿನ ತುಣುಕುಗಳನ್ನು ಅಂಟಿನಿಂದ ಬೆಸೆದು ಒತ್ತಿದ ಬಾಂಡೆಡ್ ಫೋಮು, ಅಚ್ಚ ಫೋಮಿಗಿಂತ ಬಹಳ ಭಾರವಾದುದು. ಬೆನ್ನಿಗೆ ಬಿಗಿಯಾಗಿರಲೆಂದು ಮಾರುವ ಅನೇಕ ಹಾಸಿಗೆಗಳ ತಳಪದರ ಅದೇ. ಅದು ಕೆಟ್ಟ ಪದಾರ್ಥವೆಂದು ನಾನು ಹೇಳಲಾರೆ. ಬಿಗಿ ಹಾಸಿಗೆ ಬೇಕಾದವರಿಗೆ ಮಿತವಾದ ಬೆಲೆಯಲ್ಲಿ ಅದು ಒದಗುತ್ತದೆ. ಆದರೆ ತಕ್ಕಡಿಯಲ್ಲಿ ಅದರ ತೂಕವನ್ನು ಅಚ್ಚ ಫೋಮಿನ ಸಾಂದ್ರತೆಯೆಂದು ಎಣಿಸಬಾರದು. ಹೊದಿಕೆಗೆ ಜಿಪ್ಪಿದ್ದರೆ ಅದನ್ನು ಒಂದು ಗೇಣು ಸರಿಸಿ ಒಳಗೆ ನೋಡಬಹುದು: ಅಚ್ಚ ಫೋಮು ಒಂದೇ ಬಣ್ಣದ ನುಣ್ಣನೆಯ ಮೈಯುಳ್ಳದ್ದು, ಬಾಂಡೆಡ್ಡಿನಲ್ಲಿ ಹಳದಿ, ನೀಲಿ, ಗುಲಾಬಿ, ಬೂದು ಬಣ್ಣದ ಚೂರುಗಳು ಒಂದರ ಪಕ್ಕದಲ್ಲೊಂದು ಕಾಣುತ್ತವೆ. ಜಿಪ್ಪು ತೆಗೆಯಲು ಅಂಗಡಿಯವನು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗುವುದು ಲೇಸು.