ಸುಟ್ಟರೂ ಉಳಿದ ಪುಸ್ತಕ | ಯುದ್ಧಕಾಲದ ಕಲಾವಿದರು, ಭಾಗ 3

ಎರಡನೇ ಮಹಾಯುದ್ಧ ಅಂದ್ರೆ ನಮಗೆ ಹಿಟ್ಲರ್, ಟ್ಯಾಂಕು, ಹಿರೋಷಿಮಾ ಇಷ್ಟೇ ನೆನಪಾಗೋದು ಅಲ್ವಾ? ಅದೇ ಯುದ್ಧದ ಹೊತ್ತಲ್ಲಿ ನಮ್ಮದೇ ಬಂಗಾಳದಲ್ಲಿ ಹಸಿವಿನಿಂದ, ಅದರ ಬೆನ್ನಿಗೇ ಬಂದ ರೋಗಗಳಿಂದ ಸುಮಾರು 30 ಲಕ್ಷ ಜನ ಸತ್ತರು.

1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದ ಮೇಲೆ ಅಲ್ಲಿಂದ ಬರ್ತಿದ್ದ ಅಕ್ಕಿ ನಿಂತುಹೋಯ್ತು. ಜಪಾನಿನ ಸೈನ್ಯ ಇತ್ತ ಬಂದ್ರೂ ಅದಕ್ಕೇನೂ ಸಿಗಬಾರದು ಅಂತ ಬ್ರಿಟಿಷರು ಕರಾವಳಿ ಜಿಲ್ಲೆಗಳ ಅಕ್ಕಿ ಎತ್ತಿಸಿದರು. ಹತ್ತು ಜನಕ್ಕಿಂತ ಹೆಚ್ಚು ಹಿಡಿಸೋ ದೋಣಿಗಳನ್ನೂ ಕಿತ್ತುಕೊಂಡರು. ಹೊಳೆಗಳ ನಾಡಲ್ಲಿ ದೋಣಿ ಹೋದ್ರೆ ಮೀನೂ ಇಲ್ಲ, ಸಂತೆಯೂ ಇಲ್ಲ. ಅಕ್ಟೋಬರ್‌ನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬೇರೆ ಬಡೀತು. ಅಕ್ಕಿ ಪೂರ್ತಿ ಖಾಲಿಯಾಗಿತ್ತು ಅಂತಲ್ಲ, ಕೂಲಿಯವರ ಕೈಗೆ ಎಟುಕದ ಬೆಲೆ ಆಗಿತ್ತು. (ಅಮರ್ತ್ಯ ಸೇನ್ ಇದನ್ನೇ ಬರೆದದ್ದು. ಡಿಮಾಂಡ್-ಸಪ್ಲೈ ಗೆರೆ ಎಳೆಯೋವಾಗ ನನಗೆ ಈಗ ಇದೇ ನೆನಪಾಗುತ್ತೆ.)

ಇಷ್ಟಾದ್ರೂ ಸರ್ಕಾರ ‘ಕ್ಷಾಮ’ ಅಂತ ಘೋಷಿಸಲೇ ಇಲ್ಲ. ಘೋಷಿಸಿದ್ರೆ ನಿಯಮದ ಪ್ರಕಾರ ಪರಿಹಾರ ಕೊಡಬೇಕಿತ್ತು. ಪತ್ರಿಕೆಗಳ ಮೇಲೆ ಯುದ್ಧದ ಸೆನ್ಸಾರ್ ಇತ್ತು.

ಆಗ ಚಿತ್ತಪ್ರಸಾದ್ ಭಟ್ಟಾಚಾರ್ಯ ಅನ್ನೋ ಕಲಾವಿದ ಹೊರಟರು. ವಯಸ್ಸು ಇಪ್ಪತ್ತೆಂಟರ ಆಸುಪಾಸು. ಯಾವ ಕಲಾಶಾಲೆಯಲ್ಲೂ ಕಲಿತವರಲ್ಲ. 1943ರ ನವೆಂಬರ್‌ನಲ್ಲಿ ಮಿಡ್ನಾಪುರದ ಹಳ್ಳಿಹಳ್ಳಿ ಸುತ್ತಿ, ಕಂಡವರನ್ನ ಕಪ್ಪು ಶಾಯಿಯಲ್ಲಿ ಬರೆದರು. ಎಲುಬು, ಒಣಗಿದ ಎದೆ, ಬರಿದಾದ ಕಣ್ಣು. ನನ್ನನ್ನ ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಎಷ್ಟೋ ಚಿತ್ರಗಳ ಜೊತೆ ಆ ವ್ಯಕ್ತಿಯ ಹೆಸರು, ಊರು, ಪಾಡು ಎಲ್ಲ ಬರೆದಿಟ್ಟಿದ್ದಾರೆ. ನಾವಿಲ್ಲಿ ಫೋಟೋ ಕೆಳಗೆ ಬರೀತೀವಲ್ಲ, ಹಾಗೆ. ‘ಲಕ್ಷಾಂತರ ಜನ’ ಅಂದ್ರೆ ವದಂತಿ ಅಂತ ತಳ್ಳಿಹಾಕಬಹುದು. ಹೆಸರು, ಊರು ಇದ್ರೆ ಅದು ಸಾಕ್ಷಿ.

ಅದೆಲ್ಲ ಸೇರಿ ‘ಹಂಗ್ರಿ ಬೆಂಗಾಲ್’ ಅನ್ನೋ ಸಣ್ಣ ಪುಸ್ತಕ ಆಯ್ತು. ಬ್ರಿಟಿಷರು ಅದರ 5,000 ಪ್ರತಿಗಳನ್ನ ವಶಪಡಿಸಿಕೊಂಡು ಸುಟ್ಟುಹಾಕಿದರು. ಬಂದೂಕಿಲ್ಲ, ಬಾಂಬಿಲ್ಲ, ಬರೀ ಶಾಯಿ!

ಅವರೊಬ್ಬರೇ ಅಲ್ಲ. ಕಲ್ಕತ್ತಾದ ಬೀದಿಯಲ್ಲಿ ಜೈನುಲ್ ಆಬೆದಿನ್ ಅಗ್ಗದ ಪ್ಯಾಕಿಂಗ್ ಕಾಗದದ ಮೇಲೆ ಸಾಯ್ತಿದ್ದವರನ್ನ ಬಿಡಿಸಿದರು. ಬಿನಯ್ ರಾಯ್ ಅವರ ಹಾಡುಗಾರರ ತಂಡ ಬಂಗಾಳ ಬಿಟ್ಟು ಬೇರೆ ಊರುಗಳಲ್ಲಿ ಹಾಡಿ ಪರಿಹಾರಕ್ಕೆ ಹಣ ಕೂಡಿಸಿತು. ಪತ್ರಿಕೆ ಹೇಳದಿದ್ದನ್ನ ಹಾಡು ಹೇಳ್ತು. 1943ರಲ್ಲೇ ಬಾಂಬೆಯಲ್ಲಿ ಇಪ್ಟಾ, ಅಂದ್ರೆ ಭಾರತೀಯ ಜನ ನಾಟ್ಯ ಸಂಘ ಹುಟ್ಟಿತು. ಮರುವರ್ಷ ಅದರ ‘ನಬಾನ್ನ’ ನಾಟಕ ಹಸಿದ ರೈತರನ್ನೇ ರಂಗದ ಮೇಲೆ ತಂದಿತು. ಇಪ್ಟಾದ ಲಾಂಛನದಲ್ಲಿ ನಗಾರಿ ಬಾರಿಸೋ ಮನುಷ್ಯ ಇದ್ದಾನಲ್ಲ, ಅದನ್ನ ಬರೆದವರೂ ಚಿತ್ತಪ್ರಸಾದರೇ.

ಆ 5,000ದಲ್ಲಿ ಒಂದು ಪ್ರತಿ ಮಾತ್ರ ಬೆಂಕಿಗೆ ಸಿಗಲಿಲ್ಲ. ಅವರ ಮನೆಯವರು ಅದನ್ನ ಬ್ಯಾಂಕ್ ಲಾಕರ್‌ನಲ್ಲಿ ಜೋಪಾನ ಮಾಡಿದ್ದರು. 2011ರಲ್ಲಿ ದೆಹಲಿಯ ಒಂದು ಆರ್ಟ್ ಗ್ಯಾಲರಿ ಅದನ್ನೇ ನೋಡಿ ಹಾಗೆಹಾಗೇ ಮರುಮುದ್ರಿಸಿತು. ಚಿತ್ತಪ್ರಸಾದ್ ಆ ಹೊತ್ತಿಗೆ ಇರಲಿಲ್ಲ, 1978ರಲ್ಲೇ ತೀರಿಕೊಂಡಿದ್ದರು.

ಎಲ್ಲಾದ್ರೂ ಆ ಚಿತ್ರಗಳು ಸಿಕ್ಕಿದ್ರೆ ಬೇಗ ಸ್ವೈಪ್ ಮಾಡ್ಬೇಡಿ. ಜೊತೆಗೆ ಬರೆದಿರೋ ಹೆಸರು ಓದಿ.