ನಾಯಿಗೆ ಪಾಠ ಹೇಳಿದ ಅಂಧ ಮೇಷ್ಟ್ರುಗಳು

ಕಳೆದ ತಿಂಗಳು ಏಳನೇ ತರಗತಿಯಲ್ಲಿ ಅಂಧರಿಗೆ ದಾರಿ ತೋರಿಸುವ ನಾಯಿಗಳ ಮಾತು ಬಂತು. ಆ ತರಗತಿಯಲ್ಲಿ ದೃಷ್ಟಿ ಬಹಳ ಕಡಿಮೆ ಇರುವ ಹುಡುಗನೊಬ್ಬನಿದ್ದಾನೆ. ದಿನಾ ಗೆಳೆಯನ ಹೆಗಲ ಮೇಲೆ ಕೈಯಿಟ್ಟುಕೊಂಡು ಬಸ್ಸಿಳಿದು ಬರುತ್ತಾನೆ. ಗೆಳೆಯ ರಜೆ ಮಾಡಿದರೆ ಇವನಿಗೂ ರಜೆ! ಎಲ್ಲ ಕೇಳಿಸಿಕೊಂಡ ಮೇಲೆ ಅವನು ಎದ್ದು ನಿಂತು, "ಸರ್, ಆ ನಾಯಿಗೆ ಕಣ್ಣು ಕಾಣುವವರೇ ಕಲಿಸಬೇಕಾ? ಕಾಣದವರಿಗೆ ಕಲಿಸಲಿಕ್ಕೆ ಆಗುವುದಿಲ್ಲವಾ?" ಎಂದು ಕೇಳಿದ.

"ನಾಳೆ ಹೇಳುತ್ತೇನೆ" ಎಂದೆ. (ಉತ್ತರ ಗೊತ್ತಿಲ್ಲದಾಗ ನಾವು ಮೇಷ್ಟ್ರುಗಳು ಹೇಳುವ ಮಾತು ಇದೇ ತಾನೆ!) ರಾತ್ರಿ ಕುಳಿತು ಓದಿದಾಗ ನನಗೇ ಆಶ್ಚರ್ಯವಾಯಿತು. ಈ ವಿದ್ಯೆಯ ಮೊದಮೊದಲ ಮೇಷ್ಟ್ರುಗಳಲ್ಲಿ ಅಂಧರೂ ಇದ್ದರು.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಯೋಸೆಫ್ ರೀಸಿಂಗರ್ ಎಂಬ ಅಂಧನಿದ್ದ. ಜರಡಿ ಮಾಡುವುದು ಅವನ ಕಸುಬು. 1788ರ ಸುಮಾರಿಗೆ ಅವನು ತನ್ನ ಸ್ಪಿಟ್ಜ್ ನಾಯಿಯನ್ನು ತಾನೇ ಪಳಗಿಸಿದ. ಅದು ಅವನನ್ನು ಎಷ್ಟು ಚೆನ್ನಾಗಿ ನಡೆಸುತ್ತಿತ್ತೆಂದರೆ, ಇವನು ನಿಜವಾಗಿ ಅಂಧನೇ ಹೌದೋ ಎಂದು ಜನ ಸಂಶಯಪಡುತ್ತಿದ್ದರಂತೆ!

ಅದೇ ವಿಯೆನ್ನಾದಲ್ಲಿ 1804ರಲ್ಲಿ ಅಂಧರ ಶಾಲೆಯನ್ನು ಆರಂಭಿಸಿದ ಯೋಹಾನ್ ವಿಲ್ಹೆಲ್ಮ್ ಕ್ಲೈನ್, 1819ರಲ್ಲಿ ಅಂಧರ ಶಿಕ್ಷಣದ ಬಗ್ಗೆ ಒಂದು ಪುಸ್ತಕ ಬರೆದರು. ನಾಯಿಗೆ ಬರೀ ಹಗ್ಗ ಕಟ್ಟದೆ ಗಟ್ಟಿಯಾದ ಕೋಲಿನಂಥ ಹಿಡಿಯನ್ನು ಜೋಡಿಸಬೇಕು ಎಂದು ಅದರಲ್ಲಿ ವಿವರಿಸಿದ್ದಾರೆ. ಇದು ಸಣ್ಣ ವಿಷಯವಲ್ಲ. ಹಗ್ಗ ಸಡಿಲವಾದರೆ ನಾಯಿ ಏನು ಮಾಡುತ್ತಿದೆ ಎಂದು ಗೊತ್ತಾಗುವುದಿಲ್ಲ. ಗಟ್ಟಿ ಹಿಡಿಯಿದ್ದರೆ ಅದು ನಿಂತದ್ದೂ ತಿರುಗಿದ್ದೂ ಕೂಡಲೇ ಅಂಗೈಗೆ ತಿಳಿಯುತ್ತದೆ. ಇಂದಿಗೂ ದಾರಿ ತೋರುವ ನಾಯಿಗಳ ಬೆನ್ನ ಮೇಲಿನ ಸಜ್ಜಿಗೆ ಅಂಥದೇ ಹಿಡಿ ಇರುತ್ತದೆ. 1847ರಲ್ಲಿ ಸ್ವಿಟ್ಜರ್‌ಲೆಂಡಿನ ಅಂಧ ಯಾಕೋಬ್ ಬಿರ್ರರ್, ತಾನೇ ಕಲಿಸಿದ ನಾಯಿಯೊಂದಿಗೆ ಐದು ವರ್ಷ ಓಡಾಡಿದ ಅನುಭವವನ್ನು ಬರೆದಿಟ್ಟ.

ಶಾಲೆಗಳು ಬಂದದ್ದು ಆಮೇಲೆ. ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ಕಣ್ಣು ಕಳೆದುಕೊಂಡರು. ಅವರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಡಾಕ್ಟರ್ ಗೆರ್ಹಾರ್ಡ್ ಸ್ಟಾಲಿಂಗ್ ದಾರಿ ತೋರುವ ನಾಯಿಗಳ ಮೊದಲ ಶಾಲೆ ತೆರೆದರು. 1923ರಲ್ಲಿ ಪಾಟ್ಸ್‌ಡ್ಯಾಮ್‌ನಲ್ಲಿ ಇನ್ನೊಂದು ಶುರುವಾಯಿತು. ಆ ಕೆಲಸದ ಬಗ್ಗೆ ಡೊರೊಥಿ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ 1927ರಲ್ಲಿ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಅದನ್ನು ಕೇಳಿ ಅಮೆರಿಕದ ಅಂಧ ಯುವಕ ಮಾರಿಸ್ ಫ್ರಾಂಕ್ ಆಕೆಗೆ ಕಾಗದ ಹಾಕಿದ. 1928ರಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿ ಬಡ್ಡಿ ಎಂಬ ಹೆಣ್ಣು ನಾಯಿಯ ಜೊತೆ ತರಬೇತಿ ಪಡೆದ. ಹಿಂತಿರುಗಿ ಬಂದು, ವಾಹನ ತುಂಬಿದ ನ್ಯೂಯಾರ್ಕಿನ ರಸ್ತೆಯನ್ನು ಪತ್ರಕರ್ತರ ಎದುರಿನಲ್ಲೇ ದಾಟಿ ತೋರಿಸಿದ. 1929ರಲ್ಲಿ ಇಬ್ಬರ ಪ್ರಯತ್ನದಿಂದ ಅಮೆರಿಕದಲ್ಲಿ 'ಸೀಯಿಂಗ್ ಐ' ಶಾಲೆ ಆರಂಭವಾಯಿತು.

ಆಮೇಲೆ ಕಿವಿ ಕೇಳದವರಿಗೆ ಕರೆಗಂಟೆಯ ಸದ್ದು ತಿಳಿಸುವ ನಾಯಿಗಳು, ಗಾಲಿಕುರ್ಚಿಯಲ್ಲಿರುವವರಿಗೆ ಬಿದ್ದ ವಸ್ತು ಎತ್ತಿಕೊಡುವ ನಾಯಿಗಳು ಬಂದವು. ಆದರೆ ಶಾಲೆಗಳ ನಡುವೆ ರೀಸಿಂಗರ್, ಬಿರ್ರರ್ ಅಂಥವರ ದಾರಿ ಮುಚ್ಚಿಹೋಗಲಿಲ್ಲ. 1990ರಲ್ಲಿ ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳ ಕಾನೂನು ಬಂತು. ಅದರ ನಿಯಮದಂತೆ ಅಂಗವಿಕಲರು ತಮ್ಮ ನಾಯಿಯನ್ನು ತಾವೇ ತರಬೇತುಗೊಳಿಸಬಹುದು. ಅಂಗಡಿಯವರು, ಹೋಟೆಲಿನವರು ಸರ್ಟಿಫಿಕೇಟು ಕೇಳುವಂತಿಲ್ಲ. ನಾಯಿ ಯಾಕೆಂದು ನೋಡಿದರೆ ತಿಳಿಯದಿದ್ದಾಗ ಎರಡು ಪ್ರಶ್ನೆ ಕೇಳಬಹುದು: ಅಂಗವಿಕಲತೆಯ ಕಾರಣದಿಂದ ಈ ನಾಯಿ ಬೇಕಾಗಿದೆಯೇ? ಅದು ಯಾವ ಕೆಲಸ ಕಲಿತಿದೆ? ಅಂದರೆ, ನಾಯಿ ಎಲ್ಲಿ ಕಲಿತಿತು ಎಂಬುದಲ್ಲ, ಏನು ಕಲಿತಿದೆ ಎಂಬುದು ಮುಖ್ಯ. ನಮ್ಮ ಪರೀಕ್ಷೆಗಳಿಗೂ ಈ ಬುದ್ಧಿ ಬರಬಾರದೇ!

ಕಲಿಸುವ ಕ್ರಮ ನಮಗೆ ಹೊಸದಲ್ಲ. ಮೊದಲು ಹೆದರದ, ಮೈಮೇಲೆ ಏರಿ ಬಾರದ ನಾಯಿಯನ್ನು ಆರಿಸಬೇಕು. ಎಲ್ಲ ನಾಯಿಗಳೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಮನೆಯಲ್ಲಿ ಕಲಿತದ್ದನ್ನು ಅಂಗಳದಲ್ಲಿ, ಆಮೇಲೆ ಪೇಟೆಯಲ್ಲಿ ಮಾಡಿಸಬೇಕು. ಬಿದ್ದದ್ದನ್ನು ಎತ್ತಿಕೊಡಲು ಕಲಿಸುವುದಾದರೆ ಮೊದಲು ಮೂತಿ ತಾಗಿಸುವುದು, ಆಮೇಲೆ ಕಚ್ಚಿ ಹಿಡಿಯುವುದು, ಎತ್ತುವುದು, ಕೈಗೆ ಕೊಡುವುದು. ಒಂದೊಂದು ಹೆಜ್ಜೆಗೂ ತಿಂಡಿ, ಒಂದೊಂದು ಹೆಜ್ಜೆಗೂ ಶಹಬ್ಬಾಸ್. ವರ್ಷ, ಎರಡು ವರ್ಷವೂ ಬೇಕಾಗುತ್ತದೆ.

ದಾರಿ ತೋರುವ ನಾಯಿಗೆ ಇನ್ನೊಂದು ಕಷ್ಟದ ಪಾಠವಿದೆ. ಯಜಮಾನ "ಮುಂದೆ ನಡೆ" ಎಂದಾಗ ಎದುರಿಗೆ ವಾಹನ ಬರುತ್ತಿದ್ದರೆ ಅದು ಮಾತು ಕೇಳದೆ ನಿಲ್ಲಬೇಕು! ಹೇಳಿದಂತೆ ಕೇಳುವುದನ್ನು ಕಲಿಸುವುದು ಸುಲಭ. ಯಾವಾಗ ಕೇಳಬಾರದು ಎಂದು ಕಲಿಸಲು ನಿಜವಾದ ಮೇಷ್ಟ್ರೇ ಬೇಕು.

ಮರುದಿನ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆ. "ಹಾಗಾದರೆ ನಮ್ಮ ಮನೆಯ ನಾಯಿಗೆ ನಾನೇ ಕಲಿಸುತ್ತೇನೆ" ಎಂದ ಹುಡುಗ. ಸುಳ್ಳು ಆಸೆ ಹುಟ್ಟಿಸಬಾರದಲ್ಲ. ನಮ್ಮಲ್ಲಿ ಕಾಲುದಾರಿ ಇಲ್ಲದ ರಸ್ತೆ, ಬೀದಿನಾಯಿಗಳ ಕಾಟ, ಬಸ್ಸುಗಳ ಓಟ ಎಲ್ಲ ಇದೆ. ರಸ್ತೆಗೆ ಕರೆದುಕೊಂಡು ಹೋಗುವ ಕೆಲಸ ತಿಳಿದವರ ಸಹಾಯವಿಲ್ಲದೆ ಬೇಡ, ಮನೆಯೊಳಗೆ ಚಪ್ಪಲಿ ತರುವುದನ್ನು ಕಲಿಸು, ಹೊಡೆಯಬೇಡ ಎಂದೆ.

ನಾಯಿ ಇದುವರೆಗೆ ಒಂದು ಜೊತೆ ಚಪ್ಪಲಿ ಕಚ್ಚಿ ಹಾಳುಮಾಡಿದೆಯಂತೆ! ಆದರೆ ಹುಡುಗ ಪಾಠ ನಿಲ್ಲಿಸಿಲ್ಲ. ಎಲ್ಲರಿಂದಲೂ ಸಹಾಯ ಪಡೆಯುವವನು ಎಂದೇ ನಾವು ನೋಡುತ್ತಿದ್ದ ಹುಡುಗ ಈಗ ತಾನೂ ಒಬ್ಬರಿಗೆ ಕಲಿಸುತ್ತಿದ್ದಾನೆ. ದಿನಾ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ತನ್ನ ವಿದ್ಯಾರ್ಥಿಯ ಪ್ರಗತಿ ವರದಿ ಒಪ್ಪಿಸಿ ಹೋಗುತ್ತಾನೆ.